ನೋವಿನ ಲೆಕ್ಕದಲ್ಲಿ ದಾರಿಯ ದೂರವೂ ಸೇರಲಿ

ಮಾನ್ಯ ಸಂಪಾದಕರೇ,

2025ರ ಜೂನ್ ಕೊನೆ ಮತ್ತು ಜುಲೈ ಆರಂಭದಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹರಡಿದಾಗ, ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಹೃದಯ ತಪಾಸಣೆಗೆಂದು ಜನ ಸಾಲುಗಟ್ಟಿ ನಿಂತದ್ದು ತಮ್ಮ ಓದುಗರಿಗೆ ನೆನಪಿರಬಹುದು. ಯಾವ ನೋವೂ ಇಲ್ಲದ ಅನೇಕರು ಭಯದಿಂದ ಆಸ್ಪತ್ರೆಗೆ ಧಾವಿಸಿದ ಆ ದಿನಗಳಲ್ಲಿಯೂ ನಮ್ಮ ಮಲೆನಾಡಿನ ಮನೆಗಳಲ್ಲಿ, ತಡೆಯಲಾರದ ನೋವಿದ್ದವರು ಜೀರಿಗೆ ಕಷಾಯ ಕುಡಿದು "ಬೆಳಗಾಗಲಿ, ನೋಡೋಣ" ಎಂದು ಮಗ್ಗುಲಾಗುವ ರೂಢಿ ಎಂದಿನಂತೆಯೇ ನಡೆದಿತ್ತು. ಶಿವಮೊಗ್ಗ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾಗಿರುವ ನಾನು ಈ ರೂಢಿಯ ಬಗ್ಗೆಯೇ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. 2008ರಲ್ಲಿ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ ಬಂತು, ರಸ್ತೆಗಳು ತಕ್ಕಮಟ್ಟಿಗೆ ಸುಧಾರಿಸಿದವು, ಮನೆಮನೆಗೂ ವಾಹನ ಬಂತು. ಇಷ್ಟಾದರೂ ರಾತ್ರಿ ಪಾಳಿಯಲ್ಲಿ ನಾನು ಕಂಡ ತಡಗಳಲ್ಲಿ ಹೆಚ್ಚಿನವು ದಾರಿಯಲ್ಲಿ ಆದವಲ್ಲ, ಹೊರಡಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ಮನೆಯ ಜಗುಲಿಯಲ್ಲೇ ಆದವು.

ನೋವು ಎಷ್ಟು ಗಂಭೀರ ಎಂಬುದನ್ನು ನಮ್ಮವರು ಸಾಮಾನ್ಯವಾಗಿ ನೋವುಂಡವರು ಎಷ್ಟು ಕೂಗುತ್ತಾರೆ ಎಂಬುದರಿಂದ, ಕಷಾಯಕ್ಕೋ ಗ್ಯಾಸಿನ ಮಾತ್ರೆಗೋ ಸ್ವಲ್ಪ ಇಳಿಯಿತೇ ಎಂಬುದರಿಂದ, ಎದ್ದು ಮನೆಗೆಲಸ ಮಾಡುವಷ್ಟು ಶಕ್ತಿ ಇದೆಯೇ ಎಂಬುದರಿಂದ ಅಳೆಯುತ್ತಾರೆ. ಈ ಅಳತೆ ಹಲವು ಬಾರಿ ತಿರುಗುಮುರುಗಾಗುತ್ತದೆ. ಕಿಡ್ನಿ ಕಲ್ಲಿನ ನೋವು ಬಂದವರು ನೆಲದ ಮೇಲೆ ಹೊರಳಾಡುತ್ತಾರೆ, ಗೋಡೆ ಹಿಡಿದು ಓಡಾಡುತ್ತಾರೆ, ಇಡೀ ಕೇರಿಗೆ ಕೇಳಿಸುವಂತೆ ನರಳುತ್ತಾರೆ. ಅದು ಸಹಿಸಲಸಾಧ್ಯವಾದ ನೋವೇ ಆದರೂ ಜ್ವರ, ಚಳಿ, ಮೂತ್ರ ಕಟ್ಟುವಿಕೆ ಇಲ್ಲದಿದ್ದರೆ ಜೀವಕ್ಕೆ ಕೂಡಲೇ ಕುತ್ತು ತರುವುದು ಕಡಿಮೆ. ಹೊಟ್ಟೆಯೊಳಗೆ ಅಪೆಂಡಿಕ್ಸ್ ಒಡೆದವರು ಅಥವಾ ಜಠರದ ಹುಣ್ಣು ತೂತಾದವರು ಹೀಗಲ್ಲ. ಅವರು ಮೊಣಕಾಲು ಮಡಚಿಕೊಂಡು ಅಲುಗಾಡದೆ ಮಲಗಿರುತ್ತಾರೆ, ಮಾತು ಕಡಿಮೆಯಾಗಿರುತ್ತದೆ, ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿರುತ್ತದೆ, ಕೆಮ್ಮಿದರೂ ಜೀಪು ಗುಂಡಿಗಿಳಿದರೂ ನೋವು ಚುಚ್ಚುತ್ತದೆ. ಮನೆಯವರು ಮಾತ್ರ "ಈಗ ಸುಮ್ಮನೆ ಮಲಗಿದ್ದಾರೆ, ಕಡಿಮೆ ಆಗಿರಬೇಕು" ಎಂದುಕೊಳ್ಳುತ್ತಾರೆ. ಹೊಕ್ಕುಳ ಸುತ್ತ ಶುರುವಾಗಿ ಬಲಗಡೆ ಕೆಳಹೊಟ್ಟೆಗೆ ಸರಿದ ನೋವು ಇದ್ದಕ್ಕಿದ್ದಂತೆ ಹಗುರಾದರೆ, ಅದು ಗುಣವಾದದ್ದಾಗಿರದೆ ಅಪೆಂಡಿಕ್ಸ್ ಒಡೆದದ್ದೂ ಆಗಿರಬಹುದು. ಕೆಲವು ಗಂಟೆಗಳಲ್ಲಿ ಇಡೀ ಹೊಟ್ಟೆ ನೋಯಲಾರಂಭಿಸಿ ಜ್ವರ ಏರುತ್ತದೆ.

ಹೆಂಗಸರ ವಿಷಯದಲ್ಲಿ ಈ ಅಳತೆ ಇನ್ನೂ ಅನ್ಯಾಯದ್ದು. "ಬೆಳಿಗ್ಗೆ ಎದ್ದು ಹಾಲು ಕರೆದಿದ್ದಾಳಲ್ಲ, ಅಂಥದ್ದೇನೂ ಇರಲಿಕ್ಕಿಲ್ಲ" ಎಂಬ ಮಾತನ್ನು ನಾನು ಆಸ್ಪತ್ರೆಯ ಬಾಗಿಲಲ್ಲಿ ಕೇಳಿದ್ದೇನೆ. ಕೊಟ್ಟಿಗೆಯ ಹಸು ಕಾಯುವುದಿಲ್ಲವಾದ್ದರಿಂದ ಆಕೆ ಎದ್ದಿರುತ್ತಾಳೆಯೇ ಹೊರತು ನೋವಿಲ್ಲವೆಂದಲ್ಲ. ಮುಟ್ಟು ತಪ್ಪಿದ ಹೆಣ್ಣುಮಗಳಿಗೆ ಕೆಳಹೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವು ಬಂದು, ಜೊತೆಗೆ ಭುಜದ ತುದಿ ನೋಯುವುದು, ಕಣ್ಣು ಕತ್ತಲೆ ಬರುವುದು ಇದ್ದರೆ, ಗರ್ಭ ನಾಳದಲ್ಲಿ ಕಟ್ಟಿ ಒಡೆದು ಹೊಟ್ಟೆಯೊಳಗೆ ರಕ್ತಸ್ರಾವವಾಗುತ್ತಿರುವ ಸಾಧ್ಯತೆಯನ್ನು ಮೊದಲು ಯೋಚಿಸಬೇಕು. ಹೊರಗೆ ರಕ್ತ ಕಾಣಿಸದೆಯೂ ಇರಬಹುದು. ಭುಜಕ್ಕೆ ಎಣ್ಣೆ ತಿಕ್ಕಿ ಕೂರುವ ಹೊತ್ತಲ್ಲ ಅದು.

ಎದೆನೋವಿನದು ಬೇರೆಯೇ ಕಥೆ. ಅಡಿಕೆ ಸುಲಿಯುವ ಕಾಲದ ಒಂದು ರಾತ್ರಿ ಆಸ್ಪತ್ರೆಗೆ ಬಂದ ಮಧ್ಯವಯಸ್ಸಿನ ರೈತರೊಬ್ಬರು ತಮಗೆ ಗ್ಯಾಸ್ ಆಗಿದೆಯೆಂದು ನಗುತ್ತಲೇ ಹೇಳಿದರು. ಮಾರ್ಗಶಿರದ ಚಳಿಯಲ್ಲಿ ಮೈಮೇಲೆ ಕಂಬಳಿ ಹೊದ್ದಿದ್ದರು, ಒಳಗಿನ ಬನಿಯನ್ ಹಿಂಡಿದರೆ ನೀರಿಳಿಯುವಷ್ಟು ಒದ್ದೆಯಾಗಿತ್ತು. ಅವರನ್ನು ಹಟ ಹಿಡಿದು ಕರೆತಂದದ್ದು ಅವರ ಹೆಂಡತಿ; ಆಕೆ ಗಮನಿಸಿದ್ದು ನೋವನ್ನಲ್ಲ, ಆ ಬೆವರನ್ನು. ಎದೆಯ ನಡುವೆ ಒತ್ತಿದಂತೆ, ಭಾರ ಹೇರಿದಂತೆ ಆಗುವ ನೋವು ವಿಶ್ರಾಂತಿ ತೆಗೆದುಕೊಂಡರೂ ಕಾಲು ಗಂಟೆಯಲ್ಲಿ ಇಳಿಯದಿದ್ದರೆ, ದವಡೆಗೋ ಎಡಗೈಗೋ ಬೆನ್ನಿಗೋ ಹಬ್ಬಿದರೆ, ತಣ್ಣನೆಯ ಬೆವರು, ವಾಂತಿ, ಏದುಸಿರು ಜೊತೆಯಾದರೆ, ಅದನ್ನು ಗ್ಯಾಸ್ ಎಂದು ತೀರ್ಮಾನಿಸುವ ಅಧಿಕಾರ ಮನೆಯ ಯಾರಿಗೂ ಇಲ್ಲ. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ ಮತ್ತು ಹೆಂಗಸರಲ್ಲಿ ನೋವೇ ಅಷ್ಟಾಗಿ ಇಲ್ಲದೆ ಬರೀ ಸುಸ್ತು, ಉಬ್ಬಸ, ಹೊಟ್ಟೆ ತೊಳಸುವಿಕೆಯಾಗಿಯೂ ಹೃದಯಾಘಾತ ಬರಬಹುದು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತಮ್ಮ 46ನೇ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಇದು ಮುದುಕರ ಕಾಯಿಲೆ ಎಂಬ ಭಾವನೆಯಾದರೂ ಅಳಿದಿದೆ. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ, ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೂರದ ತಜ್ಞರಿಂದ ಪರಿಶೀಲಿಸಿ, ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯನ್ನು ಸರ್ಕಾರ ರೂಪಿಸಿದೆ. ಆ ಮದ್ದು ಮೊದಲ ಕೆಲವು ಗಂಟೆಗಳಲ್ಲಿ ಮಾಡುವಷ್ಟು ಕೆಲಸವನ್ನು ಆಮೇಲೆ ಮಾಡುವುದಿಲ್ಲ. ಮೊದಲ ಇಸಿಜಿ ಸರಿಯಾಗಿದೆ ಎಂದಾಕ್ಷಣ ಹೊರಟುಬಿಡುವುದೂ ತರವಲ್ಲ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ತೆಗೆಯಬೇಕೆಂದು ವೈದ್ಯರು ಹೇಳಿದರೆ ಕೂತಿರಬೇಕು.

ನಾಚಿಕೆಯಿಂದ ಬಚ್ಚಿಡುವ ನೋವೊಂದಿದೆ. ಹತ್ತನೇ ತರಗತಿಯ ಆಸುಪಾಸಿನ ಹುಡುಗರಿಗೆ ವೃಷಣ ತಿರುಚಿಕೊಂಡು ರಕ್ತ ಸಂಚಾರ ನಿಂತಾಗ, ಅವರು ತಾಯಿಯ ಮುಂದೆ ಹೊಟ್ಟೆನೋವು ಎಂದಷ್ಟೇ ಹೇಳುತ್ತಾರೆ. ಸುಮಾರು ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಅಂಗ ಉಳಿಯುವ ಸಾಧ್ಯತೆ ಹೆಚ್ಚು. ಹಠಾತ್ತನೆ ಕೆಳಹೊಟ್ಟೆ ನೋವು, ವಾಂತಿ ಎನ್ನುವ ಹುಡುಗನನ್ನು ತಂದೆಯೋ ಅಣ್ಣನೋ ಪಕ್ಕಕ್ಕೆ ಕರೆದು ನೇರವಾಗಿ ಕೇಳಿಬಿಡಬೇಕು.

ತಲೆನೋವಿನಲ್ಲಿ ನೋಡಬೇಕಾದದ್ದು ಅದು ಬಂದ ವೇಗವನ್ನು. ವರ್ಷಗಳಿಂದ ಗುರುತಿರುವ ಅರೆತಲೆನೋವು ಕತ್ತಲೆಯ ಕೋಣೆಯಲ್ಲಿ ಮಲಗಿದರೆ ಇಳಿದೀತು. ಆದರೆ ಒಂದೇ ನಿಮಿಷದೊಳಗೆ ತುತ್ತತುದಿಗೇರಿದ, ಹಿಂದೆಂದೂ ಕಾಣದಂಥ ತಲೆನೋವು ಮಿದುಳಿನ ರಕ್ತನಾಳ ಒಡೆದದ್ದರ ಸೂಚನೆಯಾಗಿರಬಹುದು. ಕುತ್ತಿಗೆ ಬಿಗಿತ, ಜ್ವರ, ಮಾತು ತೊದಲುವುದು, ಒಂದು ಕೈ ಕಾಲು ಸೋಲುವುದು ಇದ್ದರೆ ಅಮೃತಾಂಜನದ ಸಹವಾಸಕ್ಕೆ ಹೋಗಬಾರದು. ಸೊಂಟ ನೋವಿನ ಜೊತೆ ಮೂತ್ರ ಬರದಿದ್ದರೆ, ಕೂರುವ ಭಾಗ ಜೋಮು ಹಿಡಿದರೆ, ಕಾಲು ಸ್ವಾಧೀನ ತಪ್ಪಿದರೆ, ಅದೂ ಅಂದೇ ಆಸ್ಪತ್ರೆ ಸೇರಬೇಕಾದ ನೋವು.

ನಮ್ಮ ನೆಲಕ್ಕೇ ವಿಶೇಷವಾದ ಕೆಲವು ಸಂಗತಿಗಳು ನಗರದ ಆರೋಗ್ಯ ಅಂಕಣಗಳಲ್ಲಿ ಬರುವುದಿಲ್ಲವಾದ್ದರಿಂದ ಇಲ್ಲಿ ಹೇಳಬೇಕು. ಅಡಿಕೆ ಕೊನೆ ತೆಗೆಯುವಾಗ ಮರದಿಂದ ಬಿದ್ದವರನ್ನು ಎದ್ದು ಕೂರಿಸಿ, ನೀರು ಕುಡಿಸಿ, ಬೆನ್ನು ನೀವುವುದು ನಮ್ಮಲ್ಲಿ ಮೊದಲ ಉಪಚಾರ. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಈ ಉಪಚಾರವೇ ಕಾಲಿನ ಶಕ್ತಿ ಕಳೆಯಬಹುದು. ಹಲಗೆಯ ಮೇಲೆ ನೇರವಾಗಿ ಮಲಗಿಸಿ ಸಾಗಿಸಬೇಕು. ಬಿದ್ದವರು ಆ ಕ್ಷಣಕ್ಕೆ ಚೆನ್ನಾಗಿಯೇ ಮಾತನಾಡಿ, ಸಂಜೆಯ ಹೊತ್ತಿಗೆ ಎಡಗಡೆ ಹೊಟ್ಟೆ ಮತ್ತು ಎಡಭುಜ ನೋಯುತ್ತದೆ ಎಂದರೆ ಎಡಪಕ್ಕೆಲುಬಿನಡಿಯ ಗುಲ್ಮ (ಸ್ಪ್ಲೀನ್) ಹರಿದು ಒಳಗೆ ರಕ್ತ ಸೋರುತ್ತಿರಬಹುದು. ನೆಲದ ಮೇಲೆ ಮಲಗಿದ್ದವರು ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದು, ರೆಪ್ಪೆ ಜೋಲುತ್ತಿದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ, ಕಟ್ಟುಹಾವು ಕಚ್ಚಿರುವ ಅನುಮಾನ ಪಡಬೇಕು. ಅದು ಕಚ್ಚಿದ ಜಾಗದಲ್ಲಿ ನೋವಾಗಲಿ ಬಾವಾಗಲಿ ಇಲ್ಲದಿರುವುದೇ ಹೆಚ್ಚು. ಇನ್ನು, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಕಾಣಿಸಿಕೊಂಡು, ಹಠಾತ್ ಜ್ವರ, ವಿಪರೀತ ತಲೆನೋವು, ಮೈಕೈ ನೋವಿನೊಂದಿಗೇ ಶುರುವಾಗುತ್ತದೆ. ಕಾಡಿಗೆ, ಸೊಪ್ಪಿಗೆ, ದರಗಿಗೆ (ಒಣ ಎಲೆ ಗುಡಿಸಿ ತರಲು) ಹೋಗಿಬಂದವರಿಗೆ ಇಂಥ ನೋವು ಬಂದರೆ ಅಂಗಡಿಯಿಂದ ಡೈಕ್ಲೋಫೆನಾಕೋ ಆಸ್ಪಿರಿನ್ನೋ ತಂದು ನುಂಗಬಾರದು. ರಕ್ತಸ್ರಾವದ ಅಪಾಯವಿರುವ ಕಾಯಿಲೆಯಲ್ಲಿ ಆ ಮಾತ್ರೆಗಳು ಅಪಾಯವನ್ನು ಹೆಚ್ಚಿಸುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದ ಮಾದರಿ ಕೊಡಬೇಕು.

ಈಗ ದೂರದ ಮಾತು. ಲಕ್ವ ಹೊಡೆದವರಿಗೆ ಹೆಪ್ಪು ಕರಗಿಸುವ ಮದ್ದು ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಮಿತಿಯಿದೆ. ಅಷ್ಟರೊಳಗೆ ತಲೆಯ ಸಿಟಿ ಸ್ಕ್ಯಾನ್ ಕೂಡ ಆಗಬೇಕು, ಮತ್ತು ಗಡಿಯಾರ ಶುರುವಾಗುವುದು ಆಸ್ಪತ್ರೆಯ ಬಾಗಿಲಲ್ಲಲ್ಲ, ರೋಗಿ ಕೊನೆಯ ಬಾರಿ ಸರಿಯಾಗಿದ್ದ ಕ್ಷಣದಿಂದ. ತೀರ್ಥಹಳ್ಳಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸುಮಾರು 60 ಕಿಲೋಮೀಟರ್. ಅದಕ್ಕೆ ಒಳಗಿನ ಹಳ್ಳಿಯಿಂದ ತೀರ್ಥಹಳ್ಳಿಗೆ ಬರುವ ಹೊತ್ತನ್ನು ಕೂಡಿಸಬೇಕು, ಮಳೆಗಾಲವಾದರೆ ರಸ್ತೆಗೆ ಬಿದ್ದ ಮರ ಕಡಿಯುವ ಹೊತ್ತನ್ನೂ ಕೂಡಿಸಬೇಕು. ಘಟ್ಟದ ಕೆಳಗಿನ ಮಣಿಪಾಲಕ್ಕೆ ಹೋಗುವವರಿಗೆ ಆಗುಂಬೆಯ ತಿರುವುಗಳೂ ಮಂಜೂ ಇವೆ. ಶರಾವತಿ ಹಿನ್ನೀರಿನ ತುಮರಿ ಭಾಗದವರು ರಾತ್ರಿ ಲಾಂಚ್ ಇಲ್ಲದೆ ದಡದಲ್ಲೇ ಕೂರಬೇಕಿದ್ದ ಸ್ಥಿತಿ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ತಪ್ಪಿದೆ, ಅದು ನಿಜಕ್ಕೂ ದೊಡ್ಡ ನೆಮ್ಮದಿ. ನಗರದಲ್ಲಿರುವವರು ಇನ್ನರ್ಧ ಗಂಟೆ ಕಾದು ನೋಡುತ್ತೇವೆ ಎಂದರೆ ಅವರಿಗೆ ಹೋಗುವುದು ಆ ಅರ್ಧ ಗಂಟೆ ಮಾತ್ರ. ನಾವು ಕಾಯುವ ಅರ್ಧ ಗಂಟೆ ಎರಡು ಗಂಟೆಯ ಪ್ರಯಾಣದ ಮೇಲೆ ಸೇರುತ್ತದೆ. ಆದ್ದರಿಂದ ಅದೇ ನೋವಿಗೆ ಶಿವಮೊಗ್ಗದ ಪೇಟೆಯವರಿಗಿಂತ ನಮ್ಮ ಹೊಸನಗರ ತಾಲ್ಲೂಕಿನ ನಗರ ಎಂಬ ಹೋಬಳಿಯವರು ಬೇಗ ಹೊರಡಬೇಕು ಎಂಬುದೇ ನನ್ನ ಪತ್ರದ ಮುಖ್ಯ ವಾದ. ಸಂಜೆ ಐದಕ್ಕೆ ಅನುಮಾನ ಹುಟ್ಟಿದರೆ ಬೆಳಕಿರುವಾಗಲೇ ಹೊರಡುವುದು ಒಳ್ಳೆಯದು.

ಎಲ್ಲ ನೋವಿಗೂ ಆಂಬುಲೆನ್ಸ್ ಕರೆಯಬೇಕೆಂದು ನಾನು ಹೇಳುತ್ತಿಲ್ಲ. ಭಾರ ಎತ್ತಿ ಉಳುಕಿದ ಸೊಂಟ, ಪ್ರತಿ ತಿಂಗಳೂ ಬರುವ ಗುರುತಿನ ಹೊಟ್ಟೆನೋವು, ಬೆರಳಿಟ್ಟು ತೋರಿಸಬಹುದಾದ, ಒತ್ತಿದರಷ್ಟೇ ನೋಯುವ ಪಕ್ಕೆಲುಬು ಮರುದಿನದ ಹೊರರೋಗಿ ವಿಭಾಗಕ್ಕೆ ಕಾಯಬಲ್ಲವು. ಗುರುತಿನ ನೋವು ಗುರುತು ಬದಲಿಸಿದಾಗ ಮಾತ್ರ ಎಚ್ಚರ ಬೇಕು.

ಹೊರಡುವುದೆಂದು ತೀರ್ಮಾನವಾದ ಮೇಲೆ ರೋಗಿಗೆ ಊಟ, ಕಾಫಿ ಕೊಡಬಾರದು, ಏಕೆಂದರೆ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡಬೇಕಾದೀತು. ಎದೆನೋವಿದ್ದವರು ತಾವೇ ಬೈಕ್ ಓಡಿಸಿಕೊಂಡು ಹೋಗಬಾರದು. ನಿತ್ಯ ನುಂಗುವ ಮಾತ್ರೆಗಳ ಚೀಟಿ ಜೊತೆಗಿರಲಿ. ಮೊಬೈಲ್ ಸಿಗ್ನಲ್ ಗುಡ್ಡದ ಮೇಲೆ ಮಾತ್ರ ಸಿಗುವ ಊರುಗಳಲ್ಲಿ 108ಕ್ಕೆ ಕರೆ ಮಾಡಲು ಒಬ್ಬರನ್ನು ಓಡಿಸಿ, ಉಳಿದವರು ರೋಗಿಯನ್ನು ಮುಖ್ಯರಸ್ತೆಗೆ ತರುವುದು ಹೊತ್ತು ಉಳಿಸುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತುರ್ತು ಚಿಕಿತ್ಸೆಗೆ ಶಿಫಾರಸು ಪತ್ರ ಬೇಕಿಲ್ಲವಾದ್ದರಿಂದ ಆ ಕಾಗದಕ್ಕಾಗಿ ರಾತ್ರಿ ಅಲೆಯುವ ಅಗತ್ಯವಿಲ್ಲ.

ಜನ ಹಿಂಜರಿಯಲು ಇನ್ನೊಂದು ಕಾರಣವನ್ನು ನನ್ನ ಹಿಂದಿನ ಸಹೋದ್ಯೋಗಿಗಳ ಮನಸ್ಸಿಗೆ ನೋವಾದರೂ ಹೇಳಬೇಕು. ರಾತ್ರಿ ಎರಡು ಗಂಟೆಗೆ ಬಂದವರಿಗೆ "ಇಷ್ಟಕ್ಕೆಲ್ಲ ಬರ್ತೀರಾ?" ಎಂದು ಗದರಿದರೆ, ಆ ಮನೆಯವರಷ್ಟೇ ಅಲ್ಲ, ಅವರ ನೆಂಟರೂ ಮುಂದಿನ ಸಲ ಬೆಳಗಾಗುವುದನ್ನು ಕಾಯುತ್ತಾರೆ. ಗ್ಯಾಸ್ ಎಂದೇ ಗೊತ್ತಾಗಿ ಮನೆಗೆ ಮರಳುವವರು ಹತ್ತು ಜನರಿದ್ದರೂ ಅದು ವ್ಯರ್ಥವಲ್ಲವೆಂದು ಹೇಳಿ ಕಳುಹಿಸುವುದು ಸಿಬ್ಬಂದಿಯ ಕೆಲಸ.

ಕೊನೆಯದಾಗಿ ಜಿಲ್ಲಾ ಆರೋಗ್ಯ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟು. ಯಾವ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಇಸಿಜಿ, ಹೆಪ್ಪು ಕರಗಿಸುವ ಮದ್ದು, ಹಾವಿನ ಪ್ರತಿವಿಷ, ರಕ್ತ ಶೇಖರಣೆ, ಶಸ್ತ್ರಚಿಕಿತ್ಸಕರು ಲಭ್ಯ, ಯಾವುದಕ್ಕೆ ನೇರವಾಗಿ ಶಿವಮೊಗ್ಗಕ್ಕೇ ಹೋಗಬೇಕು ಎಂಬ ಮಾಹಿತಿಯನ್ನು ಗ್ರಾಮ ಪಂಚಾಯಿತಿ, ಹಾಲಿನ ಡೈರಿ, ಸೊಸೈಟಿ ಹಾಗೂ ನ್ಯಾಯಬೆಲೆ ಅಂಗಡಿಗಳ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿಸಬೇಕು, ಹುದ್ದೆ ಖಾಲಿಯಾದಾಗಲೆಲ್ಲ ಅದನ್ನು ತಿದ್ದಿಸಬೇಕು. ಇಲ್ಲದ ಸೇವೆಯನ್ನು ಇದೆಯೆಂದು ನಂಬಿ ಒಂದು ಆಸ್ಪತ್ರೆಗೆ ಹೋಗಿ, ಅಲ್ಲಿಂದ ಇನ್ನೊಂದಕ್ಕೆ ಹೊರಡುವುದರಲ್ಲಿ ಕಳೆಯುವ ಹೊತ್ತು ಇದರಿಂದ ಉಳಿದೀತು. ತಮ್ಮ ಪತ್ರಿಕೆಯೂ ಪ್ರತಿ ವರ್ಷ ಮೇ ಕೊನೆಯ ವಾರದಲ್ಲಿ, ಘಾಟಿ ರಸ್ತೆಗಳ ಸಂಚಾರ ನಿರ್ಬಂಧದ ಸುದ್ದಿಯ ಪಕ್ಕದಲ್ಲೇ ಈ ಪಟ್ಟಿಯನ್ನು ತಾಲ್ಲೂಕುವಾರು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ನಿವೃತ್ತ ಶುಶ್ರೂಷಕಿ, ಹೊಸನಗರ ತಾಲ್ಲೂಕು