ಜಾಹೀರಾತು ಬರೆಯಲು ಕಲಿಸಿದ ಮೇಡಂಗೆ

ಕಾಪಿರೈಟಿಂಗ್, ಅಂದರೆ ಜಾಹೀರಾತಿನ ಬರವಣಿಗೆ, ಕಲಿಯಲು ಹೊರಟ ನನಗೆ ದಾರಿ ತೋರಿಸಿದ್ದು ಒಬ್ಬರು ಮೇಡಂ. ಹೆಸರು ಹಾಕಬೇಡ ಅಂದಿದ್ದಾರೆ. ಹಾಕುತ್ತಿಲ್ಲ.

ಗಾಣದ ಕಡಲೆಕಾಯಿ ಎಣ್ಣೆಗೆ ನಾನು ಬರೆದಿದ್ದು ‘ಶುದ್ಧ, ಉತ್ಕೃಷ್ಟ, ಆರೋಗ್ಯಕರ’. ಮೇಡಂ ಓದಿ, “ಗಾಣ ನೋಡಿದ್ದೀಯಾ? ಹೋಗಿ ಸ್ವಲ್ಪ ಹೊತ್ತು ನಿಂತು ಬಾ” ಅಂದರು. ಹೋಗಿ ಬಂದ ಮೇಲೆ ಸಾಲು ಹೀಗಾಯಿತು: ‘ಮುಚ್ಚಳ ತೆಗೆದರೆ ಸಾಕು, ಅಡುಗೆಮನೆ ತುಂಬಾ ಕಡಲೆಕಾಯಿ ಘಮ.’

1958ರ ರೋಲ್ಸ್ ರಾಯ್ಸ್ ಜಾಹೀರಾತು ತೋರಿಸಿದ್ದೂ ಅವರೇ. ಬರೆದವರು ಡೇವಿಡ್ ಓಗಿಲ್ವಿ. ಗಂಟೆಗೆ 60 ಮೈಲಿ ವೇಗದಲ್ಲಿ ಕಾರಿನೊಳಗೆ ಎಲ್ಲಕ್ಕಿಂತ ಜೋರಾಗಿ ಕೇಳಿಸೋದು ಅದರ ಗಡಿಯಾರದ ಸದ್ದು ಅನ್ನೋದು ತಲೆಬರಹ. ಹೊಗಳಿಕೆ ಒಂದೂ ಇಲ್ಲ, ಆದರೂ ಕಾರು ಎಂಥದ್ದು ಅಂತ ಗೊತ್ತಾಗಿಬಿಡುತ್ತೆ ಅಲ್ವಾ?

ರೇಡಿಯೊಗೆ ಬರೆದದ್ದನ್ನು ಜೋರಾಗಿ ಓದಿಸುತ್ತಿದ್ದರು. ಉಸಿರು ಸಾಲದೆ ನಿಂತ ಕಡೆಯೆಲ್ಲ ಪೆನ್ಸಿಲ್ ಗೆರೆ. ಆ ಗೆರೆಗಳಿಂದ ಕಲಿತದ್ದೇ ಜಾಸ್ತಿ. ಫೀಸು ಕೊಡಲು ಹೋದರೆ “ಸುಮ್ನಿರಪ್ಪಾ” ಅಂದರು.

ತುಂಬಾ ಧನ್ಯವಾದ ಮೇಡಂ. ಈಗ ಸೀರೆ ಅಂಗಡಿಯೊಂದಕ್ಕೆ ಜಾಹೀರಾತು ಬರೆಯೋ ಕೆಲಸ ಸಿಕ್ಕಿದೆ. ಭಾನುವಾರ ಕಳಿಸ್ತೀನಿ, ಪೆನ್ಸಿಲ್ ಚೂಪು ಮಾಡಿಟ್ಟುಕೊಳ್ಳಿ.