ತಾತನ ವಿಲ್ಲು ಇಲ್ಲಿ ನಿಲ್ಲುತ್ತಿರಲಿಲ್ಲ

ಮ್ಯಾಂಚೆಸ್ಟರ್

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. "ಒಂಬತ್ತು ವರ್ಷ ಕೋರ್ಟಿನಲ್ಲಿ ವಾದ ಮಾಡಿದವಳು ಮತ್ತೆ ಯಾಕಮ್ಮ ಪರೀಕ್ಷೆ ಬರೀಬೇಕು?" ಅಂತ ಫೋನಿನಲ್ಲಿ ಕೇಳಿದಿರಿ. ಆಗ ಏನೋ ಹೇಳಿ ಮಾತು ತೇಲಿಸಿಬಿಟ್ಟೆ. ಅದಕ್ಕೇ ಈ ಪತ್ರ.

ನನ್ನ ವಕೀಲಿ ಸನದಿಗೆ ಇಲ್ಲಿ ಬೆಲೆಯೇ ಇಲ್ಲ ಅಂತಲ್ಲ. ಇಲ್ಲಿ ಸಾಲಿಸಿಟರ್, ಅಂದರೆ ಇಲ್ಲಿನ ಒಂದು ಬಗೆಯ ವಕೀಲರು, ಆಗುವವರು ಎರಡು ವರ್ಷ ಕೆಲಸ ಕಲಿತಿರಬೇಕು. ಬೇರೆ ದೇಶದಲ್ಲಿ ಆಗಲೇ ವಕೀಲರಾದವರಿಗೆ ಅದು ಬೇಕಿಲ್ಲ. ಪರೀಕ್ಷೆ ಮಾತ್ರ, ವಿನಾಯಿತಿ ಸಿಗದಿದ್ದರೆ, ಬರೆಯಲೇಬೇಕು. ಎಸ್‌ಕ್ಯೂಇ (ಸಾಲಿಸಿಟರ್ಸ್ ಕ್ವಾಲಿಫೈಯಿಂಗ್ ಎಕ್ಸಾಮಿನೇಷನ್) ಅಂತ ಹೆಸರು, 2021ರಲ್ಲಿ ಶುರುವಾದದ್ದು. ಮೊದಲ ಹಂತ ಎರಡು ದಿನ, ದಿನಕ್ಕೆ 180 ಪ್ರಶ್ನೆ. ಒಂದಕ್ಕೆ ಎರಡು ನಿಮಿಷವೂ ಸಿಗೋದಿಲ್ಲ. ಕೊಟ್ಟ ಐದು ಉತ್ತರಗಳಲ್ಲಿ ಮೂರು ಸರಿಯೇ ಅನ್ನಿಸುತ್ತವೆ, ಎಲ್ಲಕ್ಕಿಂತ ಸರಿಯಾದದ್ದನ್ನು ಆರಿಸಬೇಕು. ನನಗೋ ಮೂರರ ಪರವಾಗಿಯೂ ವಾದ ಮಾಡಿ ಅಭ್ಯಾಸ!

ಕಷ್ಟ ಎಲ್ಲಿ ಗೊತ್ತಾ? ನಮ್ಮ ಕಾನೂನೂ ಇವರದೂ ಅಕ್ಕತಂಗಿಯರ ಹಾಗಿವೆ. ಪೂರ್ತಿ ಬೇರೆ ಇದ್ದಿದ್ದರೆ ಅ ಆ ಇ ಈಯಿಂದ ಕಲಿಯುತ್ತಿದ್ದೆ. ಗೊತ್ತಿದೆ ಅಂದುಕೊಂಡ ಕಡೆಯೇ ಕಾಲು ಜಾರುತ್ತದೆ.

ಮೊನ್ನೆ ಅಭ್ಯಾಸದ ಪತ್ರಿಕೆಯಲ್ಲಿ ವಿಲ್ಲಿನ ಪ್ರಶ್ನೆ ಬಂತು. ಒಬ್ಬ ಮುದುಕ ಬೆಳಿಗ್ಗೆ ಒಬ್ಬ ಸಾಕ್ಷಿಯ ಎದುರು ಸಹಿ ಮಾಡಿದ್ದಾನೆ. ಸಂಜೆ ಇನ್ನೊಬ್ಬ ಬಂದಾಗ "ಇದು ನನ್ನದೇ ಸಹಿ" ಅಂದಿದ್ದಾನೆ, ಅವನೂ ಸಹಿ ಹಾಕಿದ್ದಾನೆ. ತಕ್ಷಣ ತಾತ ನೆನಪಾದರು. ಅವರ ವಿಲ್ಲಿಗೂ ಹೀಗೇ ಅಲ್ವಾ ಆಗಿದ್ದು? ಮೇಷ್ಟ್ರು ಬೆಳಿಗ್ಗೆಯೇ ಸಹಿ ಹಾಕಿ ಹೋದರು, ಚಿಕ್ಕತಾತ ಬಂದದ್ದು ದೀಪ ಹಚ್ಚಿದ ಮೇಲೆ. ಯೋಚನೆಯನ್ನೇ ಮಾಡದೆ "ವಿಲ್ಲು ಊರ್ಜಿತ" ಅಂತ ಒತ್ತಿದೆ. ತಪ್ಪು! ನಮ್ಮ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಪ್ರಕಾರ ಇಬ್ಬರು ಸಾಕ್ಷಿಗಳೂ ಒಟ್ಟಿಗೇ ಇರಬೇಕಾಗಿಲ್ಲ. ಇಲ್ಲಿ ಇನ್ನೂ 1837ರ ಕಾಯ್ದೆ. ಸಹಿ ಹಾಕುವಾಗಲೋ, ಅದು ನನ್ನದೇ ಅಂತ ಹೇಳುವಾಗಲೋ, ಇಬ್ಬರೂ ಒಂದೇ ಹೊತ್ತಿಗೆ ಎದುರಿಗಿರಬೇಕು. ಅಂದರೆ ತಾತ ಅತ್ತೆಗೆ ಮನೆ ಬರೆದದ್ದು ಇಲ್ಲಿ ನಿಲ್ಲುತ್ತಲೇ ಇರಲಿಲ್ಲ. (ಅತ್ತೆಗೆ ಹೇಳಬೇಡಿ, ಸುಮ್ನೆ ಗಾಬರಿಯಾಗುತ್ತಾರೆ.)

ಒಪ್ಪಂದದ ಪಾಠದಲ್ಲೂ ಇಂಥದ್ದೇ ಮೋಸ. ಯಾರೋ ತಾವಾಗಿಯೇ ಮಾಡಿದ ಉಪಕಾರಕ್ಕೆ ಆಮೇಲೆ ಹಣ ಕೊಡುತ್ತೇನೆ ಅಂದರೆ, ನಮ್ಮ 1872ರ ಕಾಯ್ದೆಯಲ್ಲಿ ಆ ಮಾತಿಗೆ ಬೆಲೆಯಿದೆ. ಇಲ್ಲಿ ಸಾಮಾನ್ಯವಾಗಿ ಇಲ್ಲ. ಈಗ ಪುಸ್ತಕದ ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ "ಊರಲ್ಲಿ ಹಾಗೆ, ಇಲ್ಲಿ ಹೀಗೆ" ಅಂತ ಬರೆದುಕೊಳ್ಳುತ್ತಿದ್ದೇನೆ. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಹುಡುಗನಿಗೆ ಇಪ್ಪತ್ತನಾಲ್ಕು ವರ್ಷ. ನನ್ನ ಡ್ರಾಫ್ಟ್ ತಿದ್ದುವುದು ಅವನೇ. ಮೊದಮೊದಲು ಮೈ ಉರಿಯುತ್ತಿತ್ತು. ಈಗ ಅವನನ್ನೇ ಕೂರಿಸಿಕೊಂಡು ಪಾಠ ಹೇಳಿಸಿಕೊಳ್ಳುತ್ತೇನೆ.

ಎರಡನೇ ಹಂತದಲ್ಲಿ 16 ಕೆಲಸ, ನಾಲ್ಕು ಬಾಯಿಮಾತಿನವು. ಕಕ್ಷಿದಾರರ ವೇಷದಲ್ಲಿ ಒಬ್ಬರು ಬಂದು ಕೂರುತ್ತಾರೆ. 25 ನಿಮಿಷದಲ್ಲಿ ಅವರ ಬಾಯಿಂದ ವಿಷಯ ಹೊರಡಿಸಿ, ನಂಬಿಕೆಯನ್ನೂ ಗಳಿಸಬೇಕು. ಅದಕ್ಕೆ ನಾನು ಹೆದರುವುದಿಲ್ಲ. ಆದರೂ ನನ್ನ ಅನುಭವ ತೋರಿಸಿ ಈ ಹಂತಕ್ಕೆ ವಿನಾಯಿತಿ ಕೇಳೋಣ ಅಂತಿದ್ದೇನೆ.

ಅದಕ್ಕೆ ನಿಮ್ಮಿಂದ ಒಂದು ಕೆಲಸ ಆಗಬೇಕು. ಬೀರುವಿನಲ್ಲಿ ಅಮ್ಮನ ಸೀರೆಗಳ ಕೆಳಗೆ ನೀಲಿ ಫೈಲಿದೆ, ಅದರಲ್ಲಿ ನನ್ನ ಸನದಿದೆ. ನೆರಳು ಬೀಳದ ಹಾಗೆ ಫೋಟೋ ತೆಗೆದು ಕಳಿಸಿ. ಆಮೇಲೆ ಅಲ್ಲೇ ಇಡಿ. ದಯವಿಟ್ಟು ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ.

ಇಂತಿ ನಿಮ್ಮ ಮಗಳು