ಒಂದರಿಂದ ಮೂರು ವರ್ಷದ ಮಕ್ಕಳಿರುವ ಮನೆಯವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮುಂಬೈ ಲೋಕಲ್ ರೈಲು ಇಳಿದು ಮನೆ ಸೇರುವಾಗಲೇ ರಾತ್ರಿ ಎಂಟು, ಮಗುವಿಗೆ ಏನು ಕೊಡೋದು ಅಂತ ಹಲವರು ಕೇಳಿದ್ದೀರಿ. ಅಡುಗೆ ಮಾಡಲಾಗದ ದಿನ ಬೇಜಾರು ಮಾಡಿಕೊಳ್ಳಬೇಡಿ. ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಮೊಸರಿನಲ್ಲಿ ನೆನೆಸಿದ ತೆಳು ಅವಲಕ್ಕಿ, ಇವೂ ಒಳ್ಳೆಯ ಊಟವೇ. ಮಾಟುಂಗಾ ಕಡೆಯವರಿಗೆ ಉಡುಪಿ ಹೋಟೆಲಿನ ಬಿಸಿ ಇಡ್ಲಿ ಇದೆ. ಸಾಂಬಾರು ಬೇಡ, ಖಾರ ಉಪ್ಪು ಜಾಸ್ತಿ. ಮನೆಯ ತುಪ್ಪ ಹಾಕಿ ಕಿವುಚಿ ಕೊಡಿ.

ಪ್ಯಾಕೆಟ್ ಸಿರಿಯಲ್ ತರುವವರು ಮುಂದಿನ ಚಿತ್ರ ಬಿಟ್ಟು ಹಿಂಬದಿ ಓದಿ. ತೂಕದಲ್ಲಿ ಜಾಸ್ತಿ ಇರುವ ಪದಾರ್ಥವನ್ನೇ ಮೊದಲು ಬರೆದಿರುತ್ತಾರೆ. ಎರಡು ವರ್ಷದೊಳಗಿನ ಮಗುವಿಗೆ ಸಕ್ಕರೆ ಸೇರಿಸಿದ್ದು ಬೇಡವೇ ಬೇಡ. ಗ್ಲುಕೋಸ್ ಸಿರಪ್, ಬೆಲ್ಲದ ಪುಡಿ ಎಂದು ಬರೆದಿದ್ದರೂ ಅದು ಸಕ್ಕರೆಯೇ ಅಲ್ವಾ? ದಯವಿಟ್ಟು ವಾಪಸ್ ಇಟ್ಟುಬಿಡಿ.

ಇಡೀ ಶೇಂಗಾ, ಗೋಡಂಬಿ, ದ್ರಾಕ್ಷಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ, ಶೇಂಗಾ, ಗೋಡಂಬಿಯನ್ನು ನುಣ್ಣಗೆ ಪುಡಿ ಮಾಡಿ.

ಹೊರಗಿನಿಂದ ತಂದ ಊಟವನ್ನು ಈ ಸೆಕೆಯಲ್ಲಿ 1 ಗಂಟೆಗಿಂತ ಹೆಚ್ಚು ಹೊತ್ತು ಫ್ರಿಜ್ಜಿನ ಹೊರಗೆ ಇಡಬೇಡಿ.

ಖಾರ ಹಾಕದೆ ವರಣ್-ಭಾತ್ (ಬೇಳೆ-ಅನ್ನ) ಕಟ್ಟಿಕೊಡುವ ಪೋಳಿ-ಭಾಜಿ ಕೇಂದ್ರ (ಚಪಾತಿ-ಪಲ್ಯದ ಅಂಗಡಿ) ನಿಮ್ಮ ಏರಿಯಾದಲ್ಲಿದ್ದರೆ ಇಲ್ಲೇ ತಿಳಿಸಿ. ಠಾಣೆ, ಡೊಂಬಿವಲಿ ಕಡೆಯವರು ತುಂಬಾ ಕೇಳುತ್ತಿದ್ದಾರೆ.